ಸಿಆರ್‌ಆರ್ ನಂಬರೂ ಒಂದು ಉದ್ದ ಲೆಡ್ಜರೂ

ದಾವಣಗೆರೆಯಲ್ಲಿ ಮೂರು ಸಣ್ಣ ಖಾಸಗಿ ಶಾಲೆಗಳು ಸೇರಿ ಓದು-ಬರಹ ಕಷ್ಟವಾಗುವ ಮಕ್ಕಳಿಗೆ ಕಲಿಸುವ ಒಬ್ಬ ಸ್ಪೆಷಲ್ ಎಜುಕೇಟರ್‌ಗೆ ಸಂಬಳ ಕೊಡುತ್ತಿವೆ. ಆ ಎಜುಕೇಟರ್ ನಾನೇ. ಈಗ ಎರಡನೇ ವರ್ಷ ನಡೆಯುತ್ತಿದೆ. "ಬೆಂಗಳೂರು ಬಿಟ್ಟು ಹೊರಗೆ ಇದೆಲ್ಲ ನಡೆಯಲ್ಲ ಮೇಡಂ, ಮನೇಲೇ ಟ್ಯೂಷನ್ ಮಾಡ್ಕೊಳ್ಳಿ" ಎಂದವರು ಬಹಳ ಜನ. ಅವರಲ್ಲೇ ಕೆಲವರು ಈಗ ಫೋನ್ ಮಾಡಿ "ಹೇಗೆ ಮಾಡಿದ್ರಿ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಶುರು ಮಾಡಿದ್ದು ಎಲ್ಲರ ಹಾಗೆ, ಸರ್ಟಿಫಿಕೇಟ್ ಕೋರ್ಸಿನಿಂದ. ಒಂದು ಆನ್‌ಲೈನ್, ಇನ್ನೊಂದು ಬೆಂಗಳೂರಿಗೆ ಹೋಗಿ ಮಾಡಿದ್ದು. ಎರಡಕ್ಕೂ ಸೇರಿ ಮೂವತ್ತೈದು ಸಾವಿರದಷ್ಟು ಹೋಯಿತು. ಕಲಿಸಿದ್ದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಶಾಲೆಯವರ ಮುಂದೆ ಆ ಕಾಗದ ಇಟ್ಟಾಗ ಅವರು ಕೇಳಿದ್ದು ಒಂದೇ: "ಆರ್‌ಸಿಐ ನಂಬರ್ ಇದೆಯಾ?" ಇರಲಿಲ್ಲ. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಅದರ ಕೇಂದ್ರ ರಿಜಿಸ್ಟರ್‌ನಲ್ಲಿ (ಸಿಆರ್‌ಆರ್) ಹೆಸರು ಸೇರಿದಾಗ ಸಿಗುವ ನಂಬರ್ ಅದು. ಇಂಥ ಕೋರ್ಸಿಗೆ ಅದು ಬರುವುದೂ ಇಲ್ಲ. ಆಗ ಒಂದು ಶಾಲೆಯಲ್ಲಿ ತಿಂಗಳಿಗೆ ಎಂಟು ಸಾವಿರ ಗೌರವಧನ ಕೊಡುತ್ತಿದ್ದರು, ಅದೂ ರಜೆ ತಿಂಗಳು ಇಲ್ಲ. ಟೀಚರ್ ರಜೆ ಹಾಕಿದ ದಿನ ನನ್ನನ್ನೇ ಆ ಕ್ಲಾಸಿಗೆ ಕಳಿಸುತ್ತಿದ್ದರು.

ಈ ವಿಷಯದಲ್ಲಿ ನಮ್ಮವರಿಗೇ ಗೊಂದಲ ಜಾಸ್ತಿ. ‘ಡಿಸ್ಲೆಕ್ಸಿಯಾ ಥೆರಪಿಸ್ಟ್’ ಅಂತ ಬೋರ್ಡ್ ಹಾಕಿಕೊಂಡವರು ಊರೂರಲ್ಲಿ ಇದ್ದಾರೆ. (ಡಿಸ್ಲೆಕ್ಸಿಯಾ ಅಂದರೆ ಓದು-ಬರಹದ ತೊಡಕು.) ಆರ್‌ಸಿಐ ಪಟ್ಟಿಯಲ್ಲಿ ವೃತ್ತಿಗಳು 16 ಇವೆ, ಅದರಲ್ಲಿ ಆ ಹೆಸರಿನದು ಒಂದೂ ಇಲ್ಲ. ನಮಗೆ ಅನ್ವಯಿಸುವುದು ವಿಶೇಷ ಶಿಕ್ಷಕರು ಎನ್ನುವ ಬಾಬ್ತು. ಅಂದರೆ ಸ್ಪೆಷಲ್ ಎಜುಕೇಷನ್‌ನಲ್ಲಿ ಡಿಪ್ಲೊಮಾ ಅಥವಾ ಬಿ.ಎಡ್., ಅದಾದ ಮೇಲೆ ಕೇಂದ್ರ ರಿಜಿಸ್ಟರ್‌ನಲ್ಲಿ ಹೆಸರು. 1992ರ ಆರ್‌ಸಿಐ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಹೆಸರಿಲ್ಲದೆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿ ಕೇಳಿ ನಗುವವರು ಇದ್ದಾರೆ. ಶಾಲೆಯ ಆಡಳಿತ ಮಂಡಳಿಯಲ್ಲಿ ವಕೀಲರು ಒಬ್ಬರಿದ್ದರೆ ಅವರು ನಗುವುದಿಲ್ಲ.

ನಾನು ಬಿ.ಎಡ್. ಸ್ಪೆಷಲ್ ಎಜುಕೇಷನ್, ಎಲ್‌ಡಿ (ಕಲಿಕಾ ನ್ಯೂನತೆ) ವಿಭಾಗಕ್ಕೆ ಸೇರಿದೆ. ದೂರಶಿಕ್ಷಣ, ಎರಡೂವರೆ ವರ್ಷ. ಸೇರುವ ಮುಂಚೆ ನಾನು ಮಾಡಿದ ಒಂದು ಕೆಲಸ ಇದೆ, ಇದನ್ನು ಮಾತ್ರ ಯಾರೂ ಬಿಡಬೇಡಿ. ಯೂನಿವರ್ಸಿಟಿಗೆ ಮಾನ್ಯತೆ ಇದೆ ಎಂದರೆ ಸಾಲದು. ಆ ಕೋರ್ಸಿಗೆ, ಆ ವಿಭಾಗಕ್ಕೆ, ನೀವು ಸೇರುವ ಆ ವರ್ಷಕ್ಕೆ, ನಿಮ್ಮ ಸ್ಟಡಿ ಸೆಂಟರ್‌ಗೆ ಆರ್‌ಸಿಐ ಒಪ್ಪಿಗೆ ಇದೆಯಾ ಎಂದು ನೋಡಬೇಕು. ನನಗೆ ಮೊದಲು ಸಿಕ್ಕ ಸೆಂಟರ್‌ನವರು "ರಿನ್ಯೂವಲ್ ಬರ್ತಾ ಇದೆ, ಫೀಸ್ ಕಟ್ಟಿ" ಎಂದರು. ನಾನು ಪತ್ರ ತೋರಿಸಿ ಎಂದೆ. ತೋರಿಸಲಿಲ್ಲ, ಬಂದುಬಿಟ್ಟೆ. ಅಲ್ಲೇ ಸೇರಿದ ಗೆಳತಿಯೊಬ್ಬಳು ಪಾಸಾಗಿಯೂ ನಂಬರ್‌ಗಾಗಿ ಅಲೆಯುತ್ತಿದ್ದಾಳೆ.

ಖರ್ಚಿನ ಲೆಕ್ಕ ಕೇಳುತ್ತೀರಿ, ಗೊತ್ತು. ಫೀಸು ಅರವತ್ತೈದರ ಆಸುಪಾಸು. ಕಾಂಟ್ಯಾಕ್ಟ್ ಕ್ಲಾಸಿಗೆ ಬೆಂಗಳೂರಿಗೆ ರೈಲು, ಪಿಜಿ, ಊಟ, ಎಲ್ಲ ಸೇರಿ ಇನ್ನೊಂದು ಐವತ್ತು. ಟಿಎಲ್‌ಎಂ (ಪಾಠದ ಸಾಮಗ್ರಿ), ರೆಕಾರ್ಡ್ ಪುಸ್ತಕ, ಪ್ರಿಂಟು, ಬೈಂಡಿಂಗ್‌ಗೆ ಹದಿನೈದು. ಪ್ರಾಕ್ಟಿಕಲ್ ಹೊತ್ತಿಗೆ ಸಂಬಳವಿಲ್ಲದ ರಜೆ ಹಾಕಿದ್ದು ಬೇರೆ. ಒಟ್ಟು ಒಂದೂವರೆ ಲಕ್ಷ ದಾಟಿತ್ತು. ನಮ್ಮ ಯಜಮಾನರು ಬೈಕ್ ಬದಲಿಸುವುದನ್ನು ಮುಂದೆ ಹಾಕಿದರು, ಅದನ್ನು ಈಗಲೂ ನೆನಪಿಸುತ್ತಾರೆ.

ಪಾಸಾದ ಮೇಲೆ ಹೆಸರಿನ ಗೋಳು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಯಜಮಾನರ ಹೆಸರು ಮುಂದೆ, ಬಿ.ಎಡ್. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಕ್ಷರವೇ ಮಾಯ. ಅದನ್ನು ಸರಿಮಾಡಿಸಲು ಆರು ತಿಂಗಳ ಹತ್ತಿರ ಹಿಡಿಯಿತು. ಓದಿದ್ದು ಅಕ್ಷರ ಬಿಟ್ಟು ಓದುವ ಮಕ್ಕಳ ಬಗ್ಗೆ, ನನ್ನ ಹೆಸರಿನಲ್ಲೇ ಅಕ್ಷರ ಬಿಟ್ಟುಹೋಗಿತ್ತು! ಕಾಗದ ಎಲ್ಲ ಒಂದೇ ಹೆಸರಿಗೆ ಬಂದ ಮೇಲೆ ಆನ್‌ಲೈನ್ ಅರ್ಜಿ ಹಾಕಿದೆ. ಆಮೇಲೆ ತೊಂದರೆ ಆಗಲಿಲ್ಲ.

ನಂಬರ್ ಬಂದರೆ ಶಾಲೆಗಳು ಕರೆಯುತ್ತವೆ ಎಂದುಕೊಂಡಿದ್ದೆ. ಕರೆಯಲಿಲ್ಲ. "ಒಬ್ಬರಿಗೆ ಪೂರ್ತಿ ಸಂಬಳ ಕೊಡೋಕೆ ಆಗಲ್ಲ, ನಮ್ಮಲ್ಲಿ ಅಂಥ ಮಕ್ಕಳು ಇಲ್ಲ" ಎನ್ನುವುದೇ ಉತ್ತರ. ಹತ್ತು ನಿಮಿಷ ಯಾವ ಕ್ಲಾಸಿನಲ್ಲಿ ಕೂತರೂ ಅಂಥ ಮಕ್ಕಳು ಕಾಣುತ್ತಾರೆ, ಅಲ್ವಾ?

ಇಲ್ಲಿ ಕೆಲಸಕ್ಕೆ ಬಂದಿದ್ದು ಡಲ್ಲಾಸ್‌ನಲ್ಲಿರುವ ನಾದಿನಿಯ ಒಂದು ಮಾತು. ಟೆಕ್ಸಾಸ್‌ನಲ್ಲಿ ಡಿಸ್ಲೆಕ್ಸಿಯಾ ಥೆರಪಿಸ್ಟ್ ಎಂದೇ ರಾಜ್ಯದ ಲೈಸೆನ್ಸ್ ಇದೆ. ಮಾಸ್ಟರ್ಸ್ ಡಿಗ್ರಿ, 200 ಗಂಟೆ ಕೋರ್ಸು, ಹಿರಿಯರ ಉಸ್ತುವಾರಿಯಲ್ಲಿ ಮಕ್ಕಳ ಜೊತೆ 700 ಗಂಟೆ ಕೆಲಸ, 10 ಡೆಮೊ ಪಾಠ, ಆಮೇಲೆ ಪರೀಕ್ಷೆ. ಡಿಗ್ರಿ ಮಾತ್ರ ಇದ್ದವರಿಗೆ ಪ್ರಾಕ್ಟಿಷನರ್ ಅಂತ ಚಿಕ್ಕ ಲೈಸೆನ್ಸು, ಅದಕ್ಕೆ 45 ಗಂಟೆ ಕೋರ್ಸು, 60 ಗಂಟೆ ಉಸ್ತುವಾರಿಯ ಕೆಲಸ. ನನಗೆ ಆ ಲೈಸೆನ್ಸ್ ಬೇಕಿರಲಿಲ್ಲ. ಆ 700 ಗಂಟೆ ಹಿಡಿಸಿತು. ಅಂಗಡಿಯವರು ಬರೆಯುವ ಉದ್ದ ಲೆಡ್ಜರ್ ತಂದು ನನ್ನ ಗಂಟೆಗಳನ್ನು ಬರೆಯತೊಡಗಿದೆ. ದಿನಾಂಕ, ಮಗು, ಏನು ಮಾಡಿದೆ, ಒಂದು ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದಿದ. ತಿಂಗಳಿಗೊಮ್ಮೆ ಮಗುವಿನ ಬರಹದ ಒಂದು ಹಾಳೆ ಅಂಟಿಸಿದೆ. ನಿವೃತ್ತರಾದ ಸ್ಪೀಚ್ ಥೆರಪಿಸ್ಟ್ ಒಬ್ಬರು ತಿಂಗಳಿಗೊಮ್ಮೆ ಪಾಠ ನೋಡಿ ಸಹಿ ಹಾಕುತ್ತಿದ್ದರು. "ಇಲ್ಲಿ ಯಾರಮ್ಮ ಕೇಳ್ತಾರೆ ಇದನ್ನ?" ಎಂದು ಅವರೂ ನಕ್ಕಿದ್ದರು.

ಕೇಳಿದರು. ಒಂದು ಆಡಳಿತ ಮಂಡಳಿ ಸಭೆಯಲ್ಲಿ ಲೆಡ್ಜರ್ ಇಟ್ಟೆ. ಕಾರ್ಯದರ್ಶಿಗಳು ಅಕ್ಕಿ ವ್ಯಾಪಾರಿ, ಪುಟ ತಿರುವಿ ಲೆಕ್ಕ ನೋಡುವ ಮನುಷ್ಯ. ಮೂರನೇ ಕ್ಲಾಸಿನ ಹುಡುಗನ ಜೂನ್ ಹಾಳೆ, ಡಿಸೆಂಬರ್ ಹಾಳೆ ಎರಡೂ ಪಕ್ಕಪಕ್ಕ ಹಿಡಿದು ಸುಮಾರು ಹೊತ್ತು ನೋಡಿದರು. ಸಂಬಳದ ಮಾತು ಬಂದಾಗ ಇನ್ನೆರಡು ಶಾಲೆ ಜೊತೆ ಹಂಚಿಕೊಳ್ಳಿ ಎಂದೆ. 2021ರ ಅಕ್ಟೋಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಾಮಾನ್ಯ ಶಾಲೆಗಳಲ್ಲೂ ವಿಶೇಷ ಮಕ್ಕಳಿಗೆ ವಿಶೇಷ ಶಿಕ್ಷಕರು ಬೇಕೆಂದಿತ್ತು. ಶಿಕ್ಷಕರು ಸಾಲದ ಕಡೆ ಸುತ್ತಲಿನ ಶಾಲೆಗಳಿಗೆ ಓಡಾಡುವವರನ್ನು ಬಳಸಿಕೊಳ್ಳಬಹುದು ಎಂದೂ ಇತ್ತು. ಅದರ ಜೆರಾಕ್ಸ್ ಕೊಟ್ಟೆ. ಈಗ ಒಂದೊಂದು ಶಾಲೆ ಹನ್ನೆರಡು ಸಾವಿರ ಕೊಡುತ್ತದೆ, ವಾರಕ್ಕೆ ಎರಡು ದಿನ. ಬೇಸಿಗೆ ರಜೆಗೂ ಅರ್ಧ ಸಂಬಳ, ಅದನ್ನು ಹಟ ಹಿಡಿದು ಬರೆಸಿಕೊಂಡೆ. ಮೊದಲ ಭೇಟಿಯಲ್ಲಿ ಪ್ರಿನ್ಸಿಪಾಲರಿಗೆ ಏನು ತೋರಿಸುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡೂ ನೋಡಬೇಕಲ್ಲ.

ಲೆಡ್ಜರ್‌ನಿಂದ ಇನ್ನೊಂದು ಲಾಭ ಆಯಿತು. ಯಾವುದು ಕೆಲಸ ಮಾಡಲ್ಲ ಎಂದು ಗೊತ್ತಾಯಿತು. ಬಣ್ಣದ ಪ್ಲಾಸ್ಟಿಕ್ ಹಾಳೆ ಪುಟದ ಮೇಲಿಟ್ಟು ಓದಿಸಿ ನೋಡಿದೆ. ಮಕ್ಕಳಿಗೆ ಖುಷಿ, ಓದು ಅಷ್ಟಕ್ಕಷ್ಟೇ. ತಟ್ಟೆಯಲ್ಲಿ ಮರಳಿನ ಬದಲು ರಾಗಿ ಹಾಕಿ ಬರೆಸಿದ್ದು ಚೆನ್ನಾಗಿ ನಡೆಯಿತು, ಆಯಾ ಬೈದಿದ್ದು ಬಿಟ್ಟರೆ. ಎಲ್ಲಕ್ಕಿಂತ ಮಜಾ ಬಂದಿದ್ದು ಅರ್ಕಾವೊತ್ತಿನ ಪ್ರಯೋಗ. ‘ವರ್ಷ’ ಎನ್ನುವಾಗ ರ ಮೊದಲು ಕೇಳಿಸುತ್ತದೆ, ಬರಹದಲ್ಲಿ ಅದರ ಗುರುತು ಷ ಆದ ಮೇಲೆ ಬರುತ್ತದೆ. ನಮ್ಮ ಮಕ್ಕಳು ‘ವಷರ’ ಎಂದು ಓದುವುದು ಇದಕ್ಕೇ. ಸ್ವಲ್ಪ ಕಾಲ ರ ಬರೆದು ಅದರ ಕೆಳಗೆ ಷ ಒತ್ತು ಕೊಟ್ಟು ಬರೆಸಿದೆ. ಓದು ಬೇಗ ಸರಿಯಾಯಿತು. ಕನ್ನಡ ಟೀಚರ್ ಮಾತ್ರ "ಮೇಡಂ, ಪುಸ್ತಕದಲ್ಲಿ ಹೀಗಿಲ್ಲ" ಎಂದು ಮುನಿಸಿಕೊಂಡರು. ಆಮೇಲೆ ಎರಡೂ ಬಗೆಯನ್ನು ಪಕ್ಕಪಕ್ಕ ಇಟ್ಟು ಪುಸ್ತಕದ ರೂಪಕ್ಕೆ ತಂದೆ. ಒತ್ತಕ್ಷರಗಳಲ್ಲಿ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಇರುವುದಿಲ್ಲ, ನಿಮಗೆ ಗೊತ್ತಿರುವುದೇ. ಇವನ್ನು ಯಾವ ಕ್ರಮದಲ್ಲಿ ಕಲಿಸುತ್ತೇನೆ ಎಂದು ಕೇಳಬೇಡಿ, ಬಂದು ಕೂತು ನೋಡಿ.

ಇನ್ನು ತಂದೆತಾಯಿ. ಇವರಿಗೆ ಮಗುವಿಗೆ ಕಲಿಕಾ ನ್ಯೂನತೆ ಇದೆ ಎನ್ನುವ ಸರ್ಟಿಫಿಕೇಟ್ ನಮ್ಮಿಂದ ಬೇಕು. ಹತ್ತನೇ ಕ್ಲಾಸಿನ ಪ್ರಿಪರೇಟರಿ ಹೊತ್ತಿಗೆ ಓಡಿ ಬರುತ್ತಾರೆ. ನಾವು ಕೊಡುವ ಹಾಗಿಲ್ಲ, ಕೊಡಲೂಬೇಡಿ. ಸ್ಕ್ರೀನಿಂಗ್ ಮಾಡಿ ಟಿಪ್ಪಣಿ ಬರೆಯುವುದು ನಮ್ಮ ಕೆಲಸ. ಮಾನೇಸರದ ನ್ಯಾಷನಲ್ ಬ್ರೈನ್ ರಿಸರ್ಚ್ ಸೆಂಟರ್‌ನವರ ಡಾಲಿ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಕನ್ನಡದಲ್ಲೂ ಇದೆ, ಐದನೇ ಕ್ಲಾಸಿನವರೆಗೆ ಉಪಯೋಗಕ್ಕೆ ಬರುತ್ತದೆ. ನಿಮ್ಹಾನ್ಸ್ ಬ್ಯಾಟರಿ (ಕಲಿಕಾ ನ್ಯೂನತೆ ಗುರುತಿಸುವ ಪರೀಕ್ಷೆಗಳ ಗುಂಪು) ಮಾಡುವುದು ಸೈಕಾಲಜಿಸ್ಟ್ ಕೆಲಸ, ಸರ್ಟಿಫಿಕೇಟ್ ಸರ್ಕಾರಿ ಆಸ್ಪತ್ರೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಕಲಿಕಾ ನ್ಯೂನತೆಯೂ 21 ವೈಕಲ್ಯಗಳ ಪಟ್ಟಿಯಲ್ಲಿದೆ, ಆದ್ದರಿಂದ ದಾರಿ ಇದೆ. ಎಂಟು ವರ್ಷ ತುಂಬಿದ ಮೇಲೆ ಕಾಯದೆ ಕಳಿಸಿ.

ನಂಬರ್ ಬಂತು ಎಂದು ಫ್ರೇಮ್ ಹಾಕಿಸಿ ಮರೆಯಬೇಡಿ. ಐದು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು, ಅಷ್ಟರೊಳಗೆ 100 ಸಿಆರ್‌ಇ (ಕೆಲಸದಲ್ಲಿರುವವರ ಮುಂದುವರಿದ ತರಬೇತಿ) ಪಾಯಿಂಟ್ ಆಗಬೇಕು. ಕೊನೆಯ ವರ್ಷಕ್ಕೆ ಇಟ್ಟುಕೊಂಡರೆ ಸೀಟೂ ಸಿಗಲ್ಲ, ರಜೆಯೂ ಸಿಗಲ್ಲ. ನಾನು ವರ್ಷಕ್ಕೆ ಇಪ್ಪತ್ತರಂತೆ ಮುಗಿಸುತ್ತಿದ್ದೇನೆ. ಅದರ ಫೀಸನ್ನು ಮೂರು ಶಾಲೆಗಳು ಹಂಚಿಕೊಳ್ಳಬೇಕೆಂದು ಈ ಜೂನ್‌ನ ಕರಾರಿನಲ್ಲಿ ಸೇರಿಸಿದ್ದೇನೆ. ಎರಡು ಶಾಲೆ ಒಪ್ಪಿವೆ. ಅಕ್ಕಿ ವ್ಯಾಪಾರಿಗಳು ಮಾತ್ರ ಇನ್ನೂ ಚೌಕಾಸಿ ಮಾಡುತ್ತಿದ್ದಾರೆ.