ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಹವಳ: ನಾನು ಕೆಡಿಸಿದ್ದು, ಉಳಿಸಿಕೊಂಡಿದ್ದು

ನನ್ನ ಲೆದರ್ ಕೋರಲ್ ಹತ್ತು ದಿನ ಮುಚ್ಚಿಕೊಂಡೇ ಕೂತಿತ್ತು. ನೋಡೋಕೆ ದೊಡ್ಡ ಅಣಬೆಯ ಹಾಗೆ ಇರುವ ಹವಳ ಇದು. ತಲೆ ತುಂಬ ಸಣ್ಣ ಸಣ್ಣ ಪಾಲಿಪ್‌ಗಳು (ಹವಳದ ಒಂದೊಂದು ಪುಟ್ಟ ಜೀವಿ), ನೀರಿನ ಹರಿವಿಗೆ ಓಲಾಡುತ್ತಾ ಇರುತ್ತವೆ. ಒಂದು ಬೆಳಿಗ್ಗೆ ನೋಡಿದರೆ ಎಲ್ಲಾ ಒಳಗೆ ಹೋಗಿವೆ, ಮೇಲೆ ಮೇಣ ಸವರಿದ ಹಾಗೆ ಹೊಳಪು. ಸತ್ತೇ ಹೋಯ್ತು ಅಂದುಕೊಂಡೆ. ಅವತ್ತೇ ಜಾಗ ಬದಲಿಸಿದೆ. ಮೂರನೇ ದಿನ ಲೈಟು ಕಡಿಮೆ ಮಾಡಿದೆ. ಐದನೇ ದಿನ ತಡೆಯಲಾರದೆ ಕಾಲು ಭಾಗ ನೀರು ಬದಲಿಸಿ, ಮತ್ತೆ ಹಳೇ ಜಾಗಕ್ಕೇ ತಂದಿಟ್ಟೆ. ಹನ್ನೊಂದನೇ ದಿನ ಆ ಮೇಣದ ಪದರ ಒಂದು ಅಂಚಿನಲ್ಲಿ ಬಿಟ್ಟುಕೊಂಡು, ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ತೇಲಿಹೋಯಿತು. ಸಂಜೆಗೆ ಪಾಲಿಪ್‌ಗಳು ಹೊರಗೆ.

ಪೊರೆ ಬಿಡುತ್ತಿತ್ತು, ಅಷ್ಟೇ. ಮೈಮೇಲೆ ಕೂತ ಪಾಚಿ, ಕೊಳೆಯನ್ನು ಲೆದರ್ ಕೋರಲ್ ಹೀಗೆ ಆಗಾಗ ಕಳಚಿ ಹಾಕುತ್ತದೆ. ಅದಕ್ಕೆ ಆಗ ಬೇಕಿದ್ದದ್ದು ಸ್ವಲ್ಪ ಜಾಸ್ತಿ ಹರಿವು, ಪದರ ತೊಳೆದುಹೋಗಲಿ ಅಂತ. ನಾನು ಅದೊಂದನ್ನು ಬಿಟ್ಟು ಬಾಕಿ ಎಲ್ಲಾ ಮಾಡಿದ್ದೆ.

ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟು, ಟ್ಯಾಂಕು 120 ಲೀಟರಿನದು. ಇರುವುದು ಮೆತ್ತನೆ ಜಾತಿಗಳು ಮಾತ್ರ: ಲೆದರ್, ಮಶ್ರೂಮ್, ಕಲ್ಲಿನ ಮೇಲೆ ಪುಟ್ಟ ಹೂಗಳ ಗುಂಪಿನ ಹಾಗೆ ಬೆಳೆಯುವ ಝೋವಾ. ಕಲ್ಲಿನ ಅಸ್ಥಿಪಂಜರ ಕಟ್ಟುವ ಗಟ್ಟಿ ಹವಳಗಳೆಲ್ಲ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ. ಬೀಸಣಿಗೆ ಆಕಾರದ ಸೀ ಫ್ಯಾನ್ ಹವಳ ಕೂಡ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು "ಒಂದು ಚಿಕ್ಕ ತುಂಡು ತರ್ಲಾ?" ಅಂತ ಕೇಳಿದ್ದುಂಟು. ಬೇಡಪ್ಪ.

ಮೊದಲ ವರ್ಷ ನನ್ನನ್ನು ಸೋಲಿಸಿದ್ದು ನೀರು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಅಳತೆ, 800ರ ಮೇಲೆ. ಅಡುಗೆಮನೆಯ ಆರ್‌ಒ ಇದೆಯಲ್ಲ ಅಂತ ಅದರಲ್ಲೇ ಉಪ್ಪು ಕಲಸಿದೆ. ಕುಡಿಯೋ ನೀರಿನ ಆರ್‌ಒ ರುಚಿಗೋಸ್ಕರ ಸ್ವಲ್ಪ ಖನಿಜ ಉಳಿಸಿಯೇ ಕೊಡುತ್ತದೆ. ನಮ್ಮದರಲ್ಲಿ 65 ಬರುತ್ತಿತ್ತು. ಮನುಷ್ಯರಿಗೆ ಒಳ್ಳೆಯದೇ, ಆದರೆ ಆ 65ರಲ್ಲಿ ಏನೇನಿದೆಯೋ ಮೀಟರು ಹೇಳಲ್ಲ. ಮೂರು ತಿಂಗಳಲ್ಲಿ ಕಲ್ಲಿನ ಮೇಲೆಲ್ಲ ಹಸಿರು ಕೂದಲಿನಂಥ ಪಾಚಿ. ಖನಿಜದ ಕಾರ್ಟ್ರಿಡ್ಜ್ ಇಲ್ಲದ ಬೇರೆ ಆರ್‌ಒ ಹಾಕಿಸಿ, ಅದರಿಂದ ಬಂದ ನೀರಿನಲ್ಲಿ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಕೂರಿಸಿ, ಮೀಟರು ಸೊನ್ನೆ ತೋರಿಸಿದ ಮೇಲೆ ಪಾಚಿ ನಿಧಾನಕ್ಕೆ ಹಿಡಿತಕ್ಕೆ ಬಂತು.

ಆಮೇಲಿನದು ಉಪ್ಪಿನ ಕಥೆ. ನೀರು ಆವಿಯಾದರೂ ಉಪ್ಪು ಆವಿಯಾಗಲ್ಲ, ಹಾಗಾಗಿ ಕಡಿಮೆಯಾದ ನೀರಿಗೆ ಸಿಹಿನೀರನ್ನೇ ತುಂಬಬೇಕು. ಇದು ನನಗೆ ಗೊತ್ತಿತ್ತು, ಪಕ್ಕದ ಮನೆ ಹುಡುಗನಿಗೆ ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ ನಾಲ್ಕು ದಿನ ಧಾರವಾಡಕ್ಕೆ ಮದುವೆಗೆ ಹೋಗಿದ್ದೆವು. ಬೇಸಿಗೆಯಲ್ಲಿ ಫ್ಯಾನ್ ಗಾಳಿಗೆ ದಿನಕ್ಕೆ ಎರಡು ಲೀಟರ್ ಹೋಗುತ್ತದೆ, ಗೆರೆವರೆಗೆ ತುಂಬಿಸ್ತಾ ಇರು ಅಂದಿದ್ದೆ. ಅವನು ಪಾಪ ಚಾಚೂ ತಪ್ಪದೆ ತುಂಬಿಸಿದ್ದ, ನೀರು ಬದಲಿಸೋಕೆ ಅಂತ ನಾನು ಉಪ್ಪು ಕಲಸಿಟ್ಟಿದ್ದ ಬಕೆಟ್ಟಿನಿಂದ. "ಅಂಕಲ್, ಒಂದು ಇಂಚೂ ಕಡಿಮೆ ಆಗಕ್ಕೆ ಬಿಟ್ಟಿಲ್ಲ" ಅಂದ. ಝೋವಾಗಳೆಲ್ಲ ಮುಷ್ಟಿ ಬಿಗಿದ ಹಾಗೆ ಮುಚ್ಚಿದ್ದವು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾವಿರಕ್ಕೆ 35 ಇರಬೇಕಾದ ಉಪ್ಪಿನಂಶ 37 ದಾಟಿತ್ತು. ಎಂಟು ಲೀಟರ್ ಉಪ್ಪುನೀರು ಹೆಚ್ಚಿಗೆ ಸೇರಿದ್ದಕ್ಕೆ ಲೆಕ್ಕ ಸರಿಹೋಗುತ್ತದೆ.

ಒಂದೇ ಸಲ ಸರಿಮಾಡೋಣ ಅಂತ ಕೈ ತುರಿಸುತ್ತಿತ್ತು. ಈ ಸಲ ತಡೆದುಕೊಂಡೆ. ದಿನಕ್ಕೆ ಎರಡು ಲೀಟರ್ ಟ್ಯಾಂಕಿನ ನೀರು ತೆಗೆದು ಅಷ್ಟೇ ಸಿಹಿನೀರು, ಅದೂ ಸಣ್ಣ ಪೈಪಿನಲ್ಲಿ ತೊಟ್ಟು ತೊಟ್ಟಾಗಿ. ನಾಲ್ಕು ದಿನಕ್ಕೆ 35ಕ್ಕೆ ಬಂತು, ಆರನೇ ದಿನ ಮೊದಲ ಝೋವಾ ಬಿಚ್ಚಿಕೊಂಡಿತು. ನಾಲ್ಕೈದು ಪಾಲಿಪ್ ಸತ್ತುಹೋದವು. ಈಗ ನೀರು ಇಳಿದ ಹಾಗೆ ತಾನಾಗೇ ಸಿಹಿನೀರು ತುಂಬಿಸುವ, ಸೆನ್ಸರ್ ಇರುವ ಆಟೋ ಟಾಪ್‌ಅಪ್ ಹಾಕಿದ್ದೇನೆ, ಬಕೆಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಉಪ್ಪು" ಅಂತಲೂ ಬರೆದಿದ್ದೇನೆ. ಇನ್ನೊಂದು ಮಾತು, ರಿಫ್ರಾಕ್ಟೋಮೀಟರನ್ನು ಬರೀ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು. 35ರ ದ್ರಾವಣ ಸಿಗುತ್ತದೆ, ಅದರಲ್ಲೇ ಕೂರಿಸಿ. ಹಾಗೆ ಕೂರಿಸುವ ಮೊದಲು ನನ್ನದು ಎರಡು ಅಂಕ ಸುಳ್ಳು ಹೇಳುತ್ತಿತ್ತು.

ಫ್ಯಾನ್ ಯಾಕೆ ಅಂದರೆ ಬಿಸಿಗೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ, ಬೆಳಕಿನಿಂದ ಊಟ ಮಾಡಿಕೊಡುವುದು ಅದೇ. ನೀರು ಬಿಸಿಯಾಗಿ ಹಾಗೇ ಉಳಿದರೆ ಹವಳ ಅದನ್ನು ಹೊರಹಾಕಿ ಬೆಳ್ಳಗಾಗುತ್ತದೆ. 26 ಡಿಗ್ರಿ ಇದ್ದರೆ ನೆಮ್ಮದಿ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 30 ಮುಟ್ಟುತ್ತಿತ್ತು. ನೀರು ತಂಪು ಮಾಡುವ ಚಿಲ್ಲರ್ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಬೀಸುವ ಹಾಗೆ ಎರಡು ಪುಟ್ಟ ಫ್ಯಾನ್ ಸಿಕ್ಕಿಸಿದೆ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರೆಂಟ್ ಹೋದಾಗ ಲೈಟು ಆರಿದರೆ ಏನೂ ಆಗಲ್ಲ, ಹರಿವು ನಿಂತರೆ ಆಮ್ಲಜನಕ ಇಳಿಯುತ್ತದೆ. ಅದಕ್ಕೇ ನೀರು ತಳ್ಳುವ ಒಂದು ವೇವ್‌ಮೇಕರ್ ಮನೆಯ ಯುಪಿಎಸ್ ಲೈನಿನಲ್ಲಿದೆ. ಅಮ್ಮನ ರೂಮಿನ ಫ್ಯಾನಿಗಿಂತ ಅದಕ್ಕೇ ಮರ್ಯಾದೆ ಜಾಸ್ತಿ ಅಂತ ಮನೆಯಲ್ಲಿ ದೂರು ಇದೆ.

ಅಮ್ಮನ ವಿಷಯ ಬಂತು ಅಂತ ಹೇಳಿಬಿಡುತ್ತೇನೆ. ಪಾಚಿ ಹಿಡಿದ ಝೋವಾ ಕಲ್ಲೊಂದನ್ನು ಹೊರಗಿಟ್ಟಿದ್ದೆ. "ಕುದಿಯೋ ನೀರು ಹಾಕಿ ಉಜ್ಜೋ, ಎಲ್ಲಾ ಹೋಗುತ್ತೆ" ಅಂದರು. ಪಾತ್ರೆಗಾದರೆ ಸರಿಯಾದ ಸಲಹೆ. ಝೋವಾ ಜಾತಿಯ ಕೆಲವದರಲ್ಲಿ ಪಾಲಿಟಾಕ್ಸಿನ್ ಅನ್ನೋ ಭಾರೀ ವಿಷ ಇರುತ್ತದೆ, ಕಲ್ಲು ಕುದಿಸಿ ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ. ಕುದಿಸಬೇಡಿ, ಬ್ರಷ್ಷಿನಿಂದ ಉಜ್ಜಬೇಡಿ. ಕತ್ತರಿಸುವಾಗ ಗ್ಲೌಸು, ಕನ್ನಡಕ ಇರಲೇಬೇಕು, ಅಡುಗೆಮನೆ ಸಿಂಕ್ ಹತ್ತಿರವಂತೂ ಬೇಡ.

ಇನ್ನು ಮೀನಿನ ಕೊಳೆಯಿಂದ ಬರುವ ನೈಟ್ರೇಟ್ ಸೊನ್ನೆ ಇರಬೇಕು ಅಂತ ಯಾರೋ ಹೇಳಿದ್ದು ಕೇಳಿ ಒಂದು ಕಾಲದಲ್ಲಿ ನೀರನ್ನು ತೊಳೆದೂ ತೊಳೆದೂ ಇಟ್ಟಿದ್ದೆ. ಮಶ್ರೂಮ್‌ಗಳು ಬಡಕಲಾಗಿ ಬಣ್ಣ ಬಿಟ್ಟವು. ಮೆತ್ತನೆ ಹವಳಕ್ಕೆ ಸ್ವಲ್ಪ ಕೊಳೆ ಬೇಕು. ಈಗ ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ಆಸುಪಾಸು ಇರುತ್ತದೆ, ಮೀನಿಗೆ ಹೊಟ್ಟೆ ತುಂಬ ಹಾಕುತ್ತೇನೆ, ವಾರಕ್ಕೆ ಹತ್ತು ಲೀಟರ್ ಬದಲಿಸುತ್ತೇನೆ. ಒಂದು ಮಶ್ರೂಮ್ ಅಂತೂ ನಾನು ಕಷ್ಟಪಟ್ಟು ಅಂಟಿಸಿದ ಕಲ್ಲು ಬಿಟ್ಟು ತೇಲಿಕೊಂಡು ಹೋಗಿ, ಪಂಪಿನ ಹಿಂದಿನ ಕತ್ತಲೆ ಮೂಲೆ ಹಿಡಿದು ಅಲ್ಲೇ ಮೂರು ಮರಿ ಮಾಡಿದೆ. ಬಂದವರಿಗೆ ತೋರಿಸಬೇಕಾದರೆ ಟಾರ್ಚ್ ಬಿಡಬೇಕು.