ಮಳೆ ಬಂದರೂ ಮಾಪಕದಲ್ಲಿ ಮಳೆಯಿಲ್ಲ!

ಚಿತ್ತೆ ಮಳೆ ರಾತ್ರಿಯಿಡೀ ಹೆಂಚಿನ ಮೇಲೆ ಬಾರಿಸಿತ್ತು. ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯವರು ಲೆಕ್ಕ ತೆಗೆಯುವ ಹೊತ್ತಿಗೇ, ಡೈರಿ ಹಿಡಿದು ಕೂತರೆ ನಮ್ಮ ಮನೆಯ ಹವಾಮಾನ ಯಂತ್ರದ ಪರದೆಯಲ್ಲಿ ಮಳೆ ಬರೀ 0.4 ಮಿ.ಮೀ. ಅಂಗಳದ ಅಡಿಕೆಗೆ ಟಾರ್ಪಾಲ್ ಹೊದೆಸಿ ತೊಯ್ದು ಬಂದಿದ್ದ ಅಪ್ಪ ಕೇಳಿದರು: "ನಿನ್ನ ಮಿಷನ್ನಿಗೆ ಮಳೆ ಬಂದದ್ದೇ ಗೊತ್ತಾಗಿಲ್ವೇನೋ?"

ಮೊದಲು ಬ್ಯಾಟರಿ ಬದಲಿಸಿದೆ. ದಂಡ. ತಾಪಮಾನ, ತೇವಾಂಶ ಸರಿಯಾಗಿಯೇ ಬರುತ್ತಿದ್ದವಲ್ಲ, ಆಗಲೇ ಹೊಳೆಯಬೇಕಿತ್ತು. ಏಣಿ ಹಾಕಿ, ಕಂಬದ ಮೇಲಿನ ಮಳೆಮಾಪಕದ ಆಲಿಕೆ ಬಿಚ್ಚಿದೆ. ತೂತಿನ ಬಾಯಿಗೆ ಕೊಳೆತ ಎಲೆಯ ಚೂರು. ಕೆಳಗೆ ತಕ್ಕಡಿಯಂತೆ ಆಚೀಚೆ ವಾಲುವ ಪುಟ್ಟ ತೊಟ್ಟಿಯನ್ನು ಜೇಡವೊಂದು ಬಲೆಯಿಂದ ಗೋಡೆಗೆ ಬಿಗಿದುಬಿಟ್ಟಿದೆ! ಆ ತೊಟ್ಟಿ ಒಮ್ಮೆ ವಾಲಿದರೆ 0.2 ಮಿ.ಮೀ. ವಾಲದಿದ್ದರೆ ಆಕಾಶವೇ ಕಳಚಿ ಬಿದ್ದರೂ ಲೆಕ್ಕಕ್ಕಿಲ್ಲ.

ಹಳೇ ಹಲ್ಲುಜ್ಜುವ ಬ್ರಷ್, ಬೆಚ್ಚಗಿನ ನೀರು, ಅಷ್ಟೇ ಸಾಕಾಯಿತು. ಎಣ್ಣೆ ಹಾಕಲಿಲ್ಲ, ದೂಳು ಹಿಡಿಯುತ್ತದೆ.

ಆಮೇಲೆ ಪರೀಕ್ಷೆ. ಆಲಿಕೆಯ ಅಡ್ಡಳತೆ 16 ಸೆಂ.ಮೀ., ಅಂದರೆ 402 ಮಿ.ಲೀ. ನೀರು ಬಿಟ್ಟರೆ 20 ಮಿ.ಮೀ. ತೋರಿಸಬೇಕು. ಬಾಟಲಿ ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ ತೊಟ್ಟಿಕ್ಕಲು ಬಿಟ್ಟೆ. ಬಂದದ್ದು 18.6. ಕಂಬ ಒಂದಿಷ್ಟು ವಾಲಿತ್ತು. ಗಾರೆ ಕೆಲಸದವರ ರಸಮಟ್ಟ ಇಟ್ಟು ನೆಟ್ಟಗೆ ಮಾಡಿದ ಮೇಲೆ 19.8.

ಈಗ ಪಕ್ಕದಲ್ಲೇ ನೇರ ಗೋಡೆಯ ಡಬ್ಬವೊಂದನ್ನೂ ಇಟ್ಟಿದ್ದೇನೆ, ಸ್ಕೇಲ್ ಇಳಿಸಿ ನೀರಿನ ಎತ್ತರ ನೋಡುವುದಕ್ಕೆ. ಆ ರಾತ್ರಿಯ ಮಳೆಯನ್ನು ಅಂದಾಜಿಗೆ ತುಂಬಿಸಲಿಲ್ಲ. ಡೈರಿಯಲ್ಲಿ 'ಜೇಡ' ಅಂತಷ್ಟೇ ಬರೆದಿದೆ.