ಹಳೇ ಕಾರು ಕಪ್ಪು ಹೊಗೆ ಬಿಡ್ತಿದ್ರೆ ಮೊದಲು ಇದನ್ನು ನೋಡಿ

ನನ್ನ 2004ರ ಪೆಟ್ರೋಲ್ ಕಾರು ದೇವರಾಯನದುರ್ಗದ ಏರಿನಲ್ಲಿ ಕಪ್ಪು ಹೊಗೆ ಕಾರುತ್ತಿತ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದರೆ ಇಡ್ಲಿಗಿಂತ ಪೆಟ್ರೋಲ್ ವಾಸನೆಯೇ ಜಾಸ್ತಿ. ಒಂದು ಗ್ಯಾರೇಜಿನಲ್ಲಿ ಇಂಜೆಕ್ಟರ್ (ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಕ್ಲೀನ್ ಮಾಡಿಸಿದೆ. ದುಡ್ಡು ಹೋಯಿತು, ಹೊಗೆ ಹೋಗಲಿಲ್ಲ.

ಆಮೇಲೆ ನಾನೇ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ನಾಲ್ಕರಲ್ಲೂ ಒಣ ಮಸಿ, ಬೆರಳಿಗೆ ಕಾಡಿಗೆ ಥರ ಹತ್ತಿತು. ಅಂದ್ರೆ ಪೆಟ್ರೋಲ್ ಬೇಕಾದ್ದಕ್ಕಿಂತ ಜಾಸ್ತಿ ಹೋಗ್ತಿದೆ. ಒಂದೇ ಪ್ಲಗ್ ಕಪ್ಪಾಗಿದ್ದರೆ ಆ ಇಂಜೆಕ್ಟರ್ ಮೇಲೆ ಅನುಮಾನ ಪಡಬಹುದು. ನಾಲ್ಕೂ ಅಂದ್ರೆ ಎಲ್ಲಕ್ಕೂ ಸೇರಿದ ಭಾಗ ಕೆಟ್ಟಿದೆ, ಅಲ್ವಾ?

ನನ್ನದರಲ್ಲಿ ಅದು ಕೂಲೆಂಟ್ ಟೆಂಪರೇಚರ್ ಸೆನ್ಸರ್, ಅಂದ್ರೆ ಇಂಜಿನ್ ತಂಪು ಮಾಡುವ ದ್ರವದ ಬಿಸಿ ಅಳೆಯುವ ಭಾಗ. ಕನೆಕ್ಟರ್ ತೆಗೆದು ಸೆನ್ಸರ್ ಪಿನ್ನುಗಳಿಗೆ ಮಲ್ಟಿಮೀಟರ್ ಇಡಿ. ತಣ್ಣಗಿದ್ದಾಗ, 20 ಡಿಗ್ರಿಯಲ್ಲಿ, ಸಾಮಾನ್ಯವಾಗಿ 2,000ದಿಂದ 3,000 ಓಮ್ ತೋರಿಸುತ್ತೆ. 80 ಡಿಗ್ರಿಗೆ ಬಂದಾಗ 300ರ ಆಸುಪಾಸಿಗೆ ಇಳಿಯಬೇಕು. ನನ್ನದು ಕಾದ ಮೇಲೂ 2,000ದಲ್ಲೇ ಕೂತಿತ್ತು. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸುಮ್ನೆ ಪೆಟ್ರೋಲ್ ಸುರಿಯುತ್ತಿತ್ತು. ಸೆನ್ಸರ್ ಬದಲಿಸಿದೆ, ಹೊಗೆ ನಿಂತಿತು. ಇಂಜಿನ್ ಬಿಸಿ ಇರುವಾಗ ಮಾತ್ರ ಸೆನ್ಸರ್ ಬಿಚ್ಚಬೇಡಿ, ಕೂಲೆಂಟ್ ಮುಖಕ್ಕೇ ಚಿಮ್ಮುತ್ತೆ.

ಸೆನ್ಸರ್ ಸರಿ ಇದ್ದರೆ, ಪೆಟ್ರೋಲ್ ಒತ್ತಡ ಹದದಲ್ಲಿಡುವ ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ಎಳೆದು ನೋಡಿ. ಒಳಗೆ ಪೆಟ್ರೋಲ್ ಹಸಿ ಕಂಡರೆ ಅದರೊಳಗಿನ ಡಯಾಫ್ರಾಮ್ (ತೆಳು ಪೊರೆ) ಹರಿದಿದೆ ಅಂತಲೇ ಲೆಕ್ಕ.